ಹಾಸಿಗೆ ಸಾಹುಕಾರ ಮಗನನ್ನು ಮಾರಿದ್ದು

ನಮ್ಮಣ್ಣ ಒಂದು ಫುಟ್‌ಬಾಲ್ ತಂಡದ ಯಜಮಾನ. ಫುಟ್‌ಬಾಲ್ ಬಗ್ಗೆ ಅವನಿಗೆ ಏನು ಗೊತ್ತು ಎಂದು ಯಾರಾದರೂ ಕೇಳಿದರೆ, ಚೆಂಡು ದುಂಡಗಿರುತ್ತದೆ ಎಂಬುದು ಗೊತ್ತು ಎನ್ನುತ್ತೇನೆ. ಅದೂ ತಂಡ ಕೊಂಡ ಮೇಲೆ ತಿಳಿದದ್ದು. ಒಡಹುಟ್ಟಿದವಳು ಹೀಗೆ ಆಡಿಕೊಳ್ಳಬಾರದು ಎಂದು ಅತ್ತಿಗೆ ನನಗೆ ಬುದ್ಧಿ ಹೇಳುತ್ತಾಳೆ. ಹೇಳಿ ಮುಗಿಸಿ ತಾನು ಇದಕ್ಕಿಂತ ಖಾರವಾದದ್ದೊಂದನ್ನು ಸೇರಿಸುತ್ತಾಳೆ. ತಂಡದ ಆಫೀಸಿನಲ್ಲಿ ಟಿಕೆಟ್ ಹರಿದು ಕೊಡುವವಳು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು, ಜೆರ್ಸಿ ಒಗೆಯಲು ಕಳಿಸುವವಳು, ಹರಿದ ಗೋಲಿನ ಬಲೆಗೆ ದಾರ ಹಾಕಿ ಗಂಟು ಬಿಗಿಯುವವಳು, ಎಲ್ಲ ನಾನೇ. ಆಡಿಕೊಳ್ಳುವ ಹಕ್ಕು ಈ ಕೆಲಸದ ಜೊತೆಗೇ ಬಂದದ್ದು. ಸಂಬಳಕ್ಕಿಂತ ಅದೇ ಸರಿಯಾಗಿ ಸಿಗುತ್ತದೆ.

ಊರಿನಲ್ಲಿ ಅವನಿಗೆ ಹಾಸಿಗೆ ಸಾಹುಕಾರ ಎಂದೇ ಹೆಸರು. ನಮ್ಮಪ್ಪನದು ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಹತ್ತಿ ತುಂಬಿ ಹಾಸಿಗೆ ಹೊಲಿಯುವ ಸಣ್ಣ ಅಂಗಡಿ. ನಾವಿಬ್ಬರೂ ಬೆಳೆದದ್ದು ಆ ಹತ್ತಿಯ ಧೂಳಿನಲ್ಲೇ. ಯಾರಾದರೂ ಸೀನಿದರೆ ಇವರು ಆ ಅಂಗಡಿಯವರು ಎಂದು ಶಾಲೆಯಲ್ಲಿ ಗುರುತು ಹಿಡಿಯುತ್ತಿದ್ದರು. ಅಪ್ಪ ಗಿರಾಕಿಯ ಮುಖ ನೋಡಿ ಬೆಲೆ ಇಳಿಸುತ್ತಿದ್ದ. ಅವನ ಕಾಲ ಮುಗಿದು ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತ ದಿನದಿಂದ ಆ ಪದ್ಧತಿ ಬಂದ್. ಅವನು ಗಿರಾಕಿಯ ಮುಖವನ್ನೇ ನೋಡುತ್ತಿರಲಿಲ್ಲ, ಎದುರಿನ ಗೋಡೆ ನೋಡಿಕೊಂಡು ಬೆಲೆ ಹೇಳುತ್ತಿದ್ದ. ಹೇಳಿದ ಮೇಲೆ ಮುಗಿಯಿತು. ಗಿರಾಕಿ ಬೇಡಲಿ, ಬೈಯಲಿ, ಹೋಗುವಂತೆ ಮಾಡಿ ಬಾಗಿಲ ತನಕ ನಡೆದು ವಾಪಸ್ ಬರಲಿ, ಒಂದು ಕಾಸು ಇಳಿಯುತ್ತಿರಲಿಲ್ಲ.

"ಮಾಲಿನ ಬೆಲೆ ನಾವೇ ಇಳಿಸಿದ್ರೆ ಆ ಮಾಲಿಗೇ ನಾಚಿಕೆ ಆಗತ್ತೆ ಕಣೇ," ಎನ್ನುತ್ತಿದ್ದ ನನಗೆ.

"ಮಾಲಿಗೆ ನಾಚಿಕೆ ಆಗತ್ತೋ ಇಲ್ವೋ, ನಿಂಗಂತೂ ಇಲ್ಲ," ಎನ್ನುತ್ತಿದ್ದೆ ನಾನು.

ಆದರೂ ಬೆಳೆದ. ಹತ್ತಿಯ ಕಾಲ ಹೋಗಿ ಫೋಮ್ ಬಂದಾಗ ಎಲ್ಲರಿಗಿಂತ ಮೊದಲು ಮೂಸಿ ನೋಡಿದವನು ಅವನೇ. ಊರಾಚೆ ತಗಡಿನ ಶೆಡ್ ಹಾಕಿದ, ಫೋಮ್ ಕತ್ತರಿಸುವ ಯಂತ್ರ ತಂದ, ಹೋಟೆಲ್ಲು ಹಾಸ್ಟೆಲ್ಲುಗಳಿಗೆಲ್ಲ ಅವನದೇ ಮಾಲು. ಒಂದು ದಿಂಬಿನ ಕವರನ್ನೂ ಯಾರಿಗೂ ಬಿಟ್ಟಿ ಕೊಡದೆ ದೊಡ್ಡವನಾದ ಮನುಷ್ಯ. ನನ್ನ ಮದುವೆಗೆ ಕೊಟ್ಟ ಹಾಸಿಗೆಯ ಬಿಲ್ಲು ಮಾತ್ರ ಕಳಿಸಲಿಲ್ಲ. ಕಳಿಸುವುದರಲ್ಲಿದ್ದ, ಅತ್ತಿಗೆ ತಡೆದಳು.

ಅಂಥವನು ತಂಡ ಕೊಂಡ ಎಂದು ಸುದ್ದಿಯಾದಾಗ ಊರಿಗೆ ಊರೇ ನಕ್ಕಿತು. ತಂಡ ಎಂದರೆ ಎಂಥದು? ಎರಡನೇ ದರ್ಜೆಯ ಲೀಗಿನಲ್ಲಿ ಬಾಲ ಹಿಡಿದುಕೊಂಡು ಜೋತಾಡುತ್ತಿದ್ದ ತಂಡ. ಅದರ ಹಳೆಯ ಯಜಮಾನ ಒಬ್ಬ ಪ್ರೆಸ್ಸಿನ ಮುದುಕ. ಯಾರಾದರೂ ತಗೊಂಡರೆ ಸಾಕು ಎಂದು ಕಾಯುತ್ತಿದ್ದ. ಮೈದಾನದಲ್ಲಿ ಹುಲ್ಲಿಗಿಂತ ಗುಂಡಿ ಜಾಸ್ತಿ. ಸ್ಟ್ಯಾಂಡಿನ ಮೇಲಿನ ತಗಡು ಗಾಳಿಗೆ ಕೈಬೀಸಿ ಕರೆಯುತ್ತಿತ್ತು. ಆಟಗಾರರ ಕೋಣೆಯ ನಲ್ಲಿ ಮುಚ್ಚಿದರೂ ಸುರಿಯುತ್ತಿತ್ತು, ತೆರೆದರೆ ನಿಲ್ಲುತ್ತಿತ್ತು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರೆ, ಹಾಸಿಗೆಯೆಲ್ಲ ಇವನದೇ ಅಲ್ವಾ, ಚಾಚಲಿ ಬಿಡಿ," ಎಂದು ನಮ್ಮ ಸ್ಟ್ಯಾಂಡಿನ ಕಾಯಂ ಗಿರಾಕಿ, ಮೂಲೆಯ ಸೈಕಲ್ ರಿಪೇರಿಯವನು, ಎಲ್ಲರೆದುರು ಹೇಳಿದ.

ಪ್ರಚಾರಕ್ಕೆ ಕೊಂಡೆ ಎಂದು ಅಣ್ಣ ಹೇಳಿಕೊಂಡ. ಮೈದಾನದ ಸುತ್ತ ಹಾಸಿಗೆಯ ಬೋರ್ಡ್ ಹಾಕಬಹುದು, ಜೆರ್ಸಿಯ ಎದೆಯ ಮೇಲೆ ದಿಂಬಿನ ಚಿತ್ರ ಹಾಕಬಹುದು, ಇತ್ಯಾದಿ. ಹಾಕಿದ ಕೂಡ. ಎದುರು ತಂಡದವರು ಆಕಳಿಸಿ ತೋರಿಸುತ್ತಿದ್ದರು. ನಿಜವಾದ ಕಾರಣ ಬೇರೆ ಇತ್ತು, ಅದು ಅತ್ತಿಗೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನಿಗೆ ಒಬ್ಬನೇ ಮಗ. ಉದ್ದಕ್ಕೆ ಬೆಳೆದ ಹುಡುಗ, ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದೆವು. ಫ್ಯಾಕ್ಟರಿಯ ಅಂಗಳದಲ್ಲಿ ಫೋಮ್ ತುಂಡುಗಳನ್ನು ಹರಡಿ, ಕೆಲಸದವರಿಂದ ಚೆಂಡು ಒದೆಸಿಕೊಂಡು, ಅತ್ತ ಇತ್ತ ಹಾರಿ ಹಾರಿ ಬೀಳುವುದೇ ಅವನ ಬಾಲ್ಯ. ಗೋಲ್‌ಕೀಪರ್ ಆಗುತ್ತೇನೆ ಎನ್ನುವುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಬೇರೆ ಅಪ್ಪಂದಿರು ಮಗನಿಗೆ ಚೆಂಡು ಕೊಡಿಸುತ್ತಾರೆ. ನಮ್ಮಣ್ಣ ತಂಡವನ್ನೇ ಕೊಡಿಸಿದ.

ಕೊಂಡ ಮೇಲೆ ಸುಮ್ಮನಿರಬೇಕಲ್ಲ? ಮೊದಲ ವಾರವೇ ಕೋಚನ್ನು ಕರೆಸಿದ. ಕೋಚ್ ಎಂದರೆ ಸಿಡುಕ, ಬಾಯಿ ತೆರೆದರೆ ಬೈಗುಳ, ಆಟಗಾರರೆಲ್ಲ ಅವನ ದನಿಗೆ ನಡುಗುತ್ತಿದ್ದರು.

"ಅಲ್ಲಯ್ಯಾ, ಇಬ್ಬರು ಗೋಲ್‌ಕೀಪರ್ ಯಾಕೆ? ನಾವು ಕಾಯೋದು ಒಂದೇ ಗೋಲು ತಾನೇ?" ಎಂದ ಅಣ್ಣ.

"ಒಬ್ಬನಿಗೆ ಪೆಟ್ಟಾದ್ರೆ ಇನ್ನೊಬ್ಬ ಬೇಕಲ್ಲ ಸಾರ್."

"ಪೆಟ್ಟಾಗದ ಹಾಗೆ ನಿಲ್ಲೋಕೆ ಹೇಳು."

ಆಫ್‌ಸೈಡ್ ಎಂದರೇನು ಎಂದು ಅವನಿಗೆ ತಿಳಿಸಲು ಸಿಡುಕ ಮೇಜಿನ ಮೇಲೆ ಲೋಟ, ಪೆನ್ನು, ಸ್ಟಾಂಪ್ ಪ್ಯಾಡು ಎಲ್ಲ ಜೋಡಿಸಿ ಅರ್ಧ ಗಂಟೆ ಒದ್ದಾಡಿದ. ಕೊನೆಗೆ ಅಣ್ಣ ತಲೆದೂಗಿ, "ಅಂದ್ರೆ ಎಲ್ಲರಿಗಿಂತ ಮುಂಚೆ ಹೋಗಿ ನಿಂತವನಿಗೆ ಕೆಲಸ ಆಗಲ್ಲ. ಆಫೀಸುಗಳಲ್ಲಿ ಆಗೋದೂ ಇದೇ," ಎಂದ. ಸಿಡುಕ ಲೋಟದ ನೀರು ಕುಡಿದು ಎದ್ದು ಹೋದ.

ಆಟಗಾರರನ್ನು ಕೊಳ್ಳುವಾಗ ಅವನದು ಒಂದೇ ಪರೀಕ್ಷೆ. ಬಂದವನನ್ನು ಎದುರಿಗೆ ನಿಲ್ಲಿಸಿ ತೊಡೆಗೆ ಹೆಬ್ಬೆರಳು ಒತ್ತಿ ಬಿಟ್ಟು, ಬಿದ್ದ ಹಳ್ಳ ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದು ನೋಡುತ್ತಿದ್ದ. ಫೋಮ್ ಕೊಳ್ಳುವಾಗಲೂ ಅದೇ ಪರೀಕ್ಷೆ. ನಗಬೇಡಿ, ಹಾಗೆ ಒತ್ತಿ ಕೊಂಡವರಲ್ಲಿ ಇಬ್ಬರು ಒಳ್ಳೆಯ ಆಟಗಾರರೇ ಆದರು. ಆಟಗಾರರನ್ನು ಮಾರುವಾಗಲೂ ಅಷ್ಟೇ, ಗೋಡೆ ನೋಡಿಕೊಂಡು ಬೆಲೆ ಹೇಳುತ್ತಿದ್ದ, ಇಳಿಯುತ್ತಿರಲಿಲ್ಲ. ಲೀಗಿನ ಬೇರೆ ಯಜಮಾನರು ಮೊದಲು ಗೇಲಿ ಮಾಡಿದರು, ಆಮೇಲೆ ಬಯ್ದುಕೊಂಡೇ ದುಡ್ಡು ಕೊಟ್ಟರು. ಐದಾರು ವರ್ಷದಲ್ಲಿ ಗುಂಡಿ ಮುಚ್ಚಿತು, ತಗಡು ಬದಲಾಯಿತು, ತಂಡ ಬಾಲ ಬಿಟ್ಟು ನಡುಮಧ್ಯಕ್ಕೆ ಬಂತು. ನಲ್ಲಿ ಮಾತ್ರ ಹಾಗೇ ಇದೆ.

ಆಟದ ದಿನ ಅವನು ಸ್ಟ್ಯಾಂಡಿನ ಮುಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಗದ್ದ ಎದೆಗೆ ಆನಿಸಿ ಕೂರುತ್ತಿದ್ದ. ಕೂಗುವುದಿಲ್ಲ, ಎದ್ದು ನಿಲ್ಲುವುದಿಲ್ಲ, ಗೋಲು ಬಿದ್ದರೂ ಕೈ ಅಲ್ಲಾಡಿಸುವುದಿಲ್ಲ. ನಿದ್ದೆ ಮಾಡುತ್ತಾನೆ ಎಂದು ಇಡೀ ಊರಿಗೆ ಗೊತ್ತಿತ್ತು. ಹಾಸಿಗೆ ಮಾರುವವನು ನಿದ್ದೆಗೆ ಜಾಹೀರಾತು ಕೊಡುತ್ತಿದ್ದಾನೆ ಎಂದು ನಾನೇ ಟಿಕೆಟ್ ಕಿಟಕಿಯಲ್ಲಿ ಜನರನ್ನು ನಗಿಸುತ್ತಿದ್ದೆ.

ಏಣಿ ಹತ್ತೊಂಬತ್ತಕ್ಕೆ ತಂಡ ಸೇರಿದ, ಇಪ್ಪತ್ತೊಂದಕ್ಕೆ ಗೋಲಿನಲ್ಲಿ ನಿಂತ. ತೊಂದರೆ ಶುರುವಾದದ್ದು ಅಲ್ಲಿಂದ. ಅವನು ಗೋಲು ಬಿಟ್ಟರೆ ಜನ, "ಅಪ್ಪನ ಹಾಸಿಗೆ ಮೇಲೆ ಮಲಗಿದ್ಯೇನೋ, ಯಜಮಾನರ ಮಗಾ!" ಎಂದು ಕೂಗುತ್ತಿದ್ದರು. ಹೋಗಲಿ, ಒಳ್ಳೆಯ ಚೆಂಡು ತಡೆದಾಗಲಾದರೂ ಚಪ್ಪಾಳೆ ತಟ್ಟಿದರೇ? "ಆ ಕಡೆಯೋರಿಗೆ ಅಪ್ಪ ಒಂದೊಂದು ದಿಂಬು ಕೊಟ್ಟಿರ್ಬೇಕು," ಎಂದು ಸೈಕಲ್ ರಿಪೇರಿಯವನು ಶುರು ಮಾಡುತ್ತಿದ್ದ, ಸ್ಟ್ಯಾಂಡ್ ನಗುತ್ತಿತ್ತು. ಸೋತರೆ ಅಪ್ಪನ ಮಗ, ಗೆದ್ದರೂ ಅಪ್ಪನ ಮಗ. ಅದಕ್ಕಿಂತ ಅನ್ಯಾಯ ಸಿಡುಕನದು. ಇಡೀ ತಂಡಕ್ಕೆ ಹುಟ್ಟಿದ ದಿನ ನೆನಪಾಗುವಂತೆ ಬೈಯುವ ಆ ಮನುಷ್ಯ ಏಣಿಯ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿಸಿ, "ಪರವಾಗಿಲ್ಲ, ಮುಂದಿನ ಸಲ ನೋಡೋಣ," ಎನ್ನುತ್ತಿದ್ದ. ಸಂಬಳ ಕೊಡುವವನ ಮಗನಲ್ಲವೇ!

ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿ ಕೂತು ಬಲೆಗೆ ಗಂಟು ಹಾಕುತ್ತಿದ್ದೆ. ಏಣಿ ಬಂದು ಬಲೆಯ ಇನ್ನೊಂದು ತುದಿ ಹಿಡಿದುಕೊಂಡು ನೆಲದ ಮೇಲೆ ಕೂತ. ಆ ಕಾಲುಗಳನ್ನು ಮಡಿಸುವುದಕ್ಕೇ ಅವನಿಗೆ ಹೊತ್ತು ಬೇಕು.

"ಅತ್ತೆ, ನಾನು ಆಟಗಾರ ಹೌದೋ ಅಲ್ವೋ?"

"ಇದೇನೋ ಹೀಗೆ ಕೇಳ್ತೀಯ? ಮೂರು ವರ್ಷದಿಂದ ಆಡ್ತಿಲ್ವಾ?"

"ಆಡ್ತಿದೀನಿ. ಆದ್ರೆ ಗೊತ್ತಿಲ್ಲ ಅತ್ತೆ. ನಾನು ಚೆನ್ನಾಗಿ ಆಡಿದ್ರೂ ಯಾರೂ ನಿಜ ಹೇಳಲ್ಲ, ಕೆಟ್ಟದಾಗಿ ಆಡಿದ್ರೂ ಹೇಳಲ್ಲ. ಅಪ್ಪನಂತೂ ನಿದ್ದೆ ಮಾಡ್ತಿರ್ತಾನೆ. ಈ ಸಲ ನನ್ನ ಬೇರೆ ಟೀಮಿಗೆ ಮಾರ್ಬಿಡು ಅಂತ ಅವನಿಗೆ ಹೇಳು. ಯಾರೂ ತಗೊಳ್ಳಲಿಲ್ಲ ಅಂದ್ರೆ ಗ್ಲೌಸ್ ತೆಗೆದಿಟ್ಟು ಅಂಗಡೀಲಿ ಕೂತ್ಕೋತೀನಿ. ಆಮೇಲೆ ಈ ಮೈದಾನದ ಕಡೆ ತಲೆ ಹಾಕಲ್ಲ."

ನಾನು ದಾರ ಕೆಳಗಿಟ್ಟು ಹುಡುಗನ ಕಣ್ಣು ನೋಡಿದೆ. ಅವನು ತಮಾಷೆಗೆ ಹೇಳುತ್ತಿರಲಿಲ್ಲ.

ಆ ಸಂಜೆ ಅಣ್ಣನ ಮನೆಯ ಊಟದ ಮೇಜಿನಲ್ಲಿ ನಾನೇ ವಿಷಯ ತೆಗೆದೆ. ಅಣ್ಣ ತುತ್ತು ಕೈಯಲ್ಲೇ ಹಿಡಿದು ಕೂಗಾಡಿದ. "ಏನೇ ಇದು! ಹೆತ್ತ ಮಗನ್ನ ಯಾರಾದ್ರೂ ಮಾರ್ತಾರೇನೇ? ಜನ ಏನಂತಾರೆ?"

"ನಿಮ್ಮ ಅಂಗಡೀಲಿ ಮಾರದೆ ಉಳಿದಿರೋದು ಅವನೊಬ್ಬನೇ ಕಣ್ರೀ," ಎಂದಳು ಅತ್ತಿಗೆ, ಸಾರು ಬಡಿಸುತ್ತಾ. "ನನ್ನನ್ನ ಯಾರೂ ಕೇಳಲಿಲ್ಲ, ಇಲ್ಲದಿದ್ರೆ ನನ್ನನ್ನೂ ಕೊಟ್ಟಿರ್ತಿದ್ರಿ. ಅವನು ಬಾಯಿಬಿಟ್ಟು ಕೇಳಿರೋದು ಇದೊಂದೇ. ಮಾಡಿಕೊಡಿ."

ಅಣ್ಣ ಏಣಿಯ ಕಡೆ ನೋಡಿದ. ಏಣಿ ತಟ್ಟೆ ನೋಡುತ್ತಿದ್ದ. "ಆಯ್ತು," ಎಂದ ಅಣ್ಣ.

ಸೀಸನ್ ಮುಗಿದ ಮೇಲೆ ಆಟಗಾರರನ್ನು ಕೊಡುವ ಕೊಳ್ಳುವ ಕೆಲವು ವಾರಗಳಿರುತ್ತವೆ. ಅದು ದಾಟಿದರೆ ಮುಂದಿನ ವರ್ಷದ ತನಕ ಬಾಗಿಲು ಮುಚ್ಚಿದ ಹಾಗೆ. ಏಣಿಯನ್ನು ಮಾರುತ್ತಾರಂತೆ ಎಂಬ ಸುದ್ದಿ ಹೊರಟ ಮೇಲೆ ಮೊದಲು ಒಂದು ತಂಡದವರು ಫೋನ್ ಮಾಡಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಎಷ್ಟು ಎಂದು ಕೇಳಿದರು. ಅಣ್ಣ ಎದುರಿನ ಗೋಡೆ ನೋಡಿ ಒಂದು ಅಂಕಿ ಹೇಳಿದ. ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಆ ದುಡ್ಡಿಗೆ ಇಡೀ ತಂಡ, ಮೈದಾನ, ಸಿಡುಕ, ನಾನು, ಆ ನಲ್ಲಿ, ಎಲ್ಲ ಬರುತ್ತಿತ್ತು. ಆ ಕಡೆಯವರು ಜೋರಾಗಿ ನಕ್ಕದ್ದು ನನಗೇ ಕೇಳಿಸಿತು. ಎರಡನೇ ತಂಡದವರು ಖುದ್ದಾಗಿ ಬಂದರು. ಅವರಿಗೂ ಅದೇ ಅಂಕಿ. ಅವರು ನಗಲಿಲ್ಲ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಇಂಥ ಸುದ್ದಿಗೆ ಕಾಲು ಬೇಕೇ? ಮರುದಿನ ಸೈಕಲ್ ರಿಪೇರಿಯವನು ಚಿನ್ನದ ಮಗ, ಚಿನ್ನದ ಮಗ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಏಣಿ ಸೀದಾ ಆಫೀಸಿಗೆ ಬಂದು ಅಪ್ಪನ ಎದುರು ನಿಂತ.

"ನಂಗೆ ಗೊತ್ತಾಯ್ತಪ್ಪಾ. ಕಳಿಸೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅಂತ ಹೇಳ್ಬೇಕಿತ್ತು. ಊರೋರ ಬಾಯಿಗೆ ಯಾಕೆ ಹಾಕ್ತೀಯ?" ಅಷ್ಟು ಹೇಳಿ ಗ್ಲೌಸನ್ನು ಮೇಜಿನ ಮೇಲಿಟ್ಟು ಹೋಗಿಬಿಟ್ಟ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬಾಗಿಲು ಹಾಕಿ ಅಣ್ಣನಿಗೆ ಮಂಗಳಾರತಿ ಎತ್ತಿದೆ. "ನಿಂಗೇನು ಬುದ್ಧಿ ನೆಟ್ಟಗಿದ್ಯಾ? ಹುಡುಗ ಕೈಮುಗಿದು ಕೇಳ್ಕೊಂಡ. ಬಾಯಿಗೆ ಬಂದ ಬೆಲೆ ಹೇಳಿ ಅವನ ದಾರಿಗೆ ಕಲ್ಲು ಹಾಕಿದ್ಯಲ್ಲ! ಅಂಗಡೀಲಿ ಕೂರಿಸ್ಕೋಬೇಕು ಅಂತ ತಾನೇ ನಿನ್ನ ಹಂಚಿಕೆ?"

"ಇಲ್ಲ ಕಣೇ," ಎಂದ. "ಹೋಗ್ಲಿ ಅಂತಲೇ ಇದೆ. ಎಷ್ಟು ಅಂತ ಅವರು ಕೇಳಿದ್ರು. ನಾನು ಇಷ್ಟು ಅಂತ ಏನು ಹೇಳ್ಲಿ? ಸಣ್ಣ ಅಂಕಿ ಗಂಟಲಿಂದ ಆಚೆ ಬಂದ್ರೆ ತಾನೇ? ಅವನು ಹುಟ್ಟಿದ ದಿನ ನರ್ಸ್ ನನ್ನ ಕೈಗೆ ಹಾಕಿದ್ಲಲ್ಲ, ಅದೇ ಕಣ್ಣಿಗೆ ಬರತ್ತೆ. ಅದಕ್ಕೆ ಎಷ್ಟು ಅಂತ ಹೇಳ್ಲೇ?"

ನಮ್ಮಣ್ಣನ ಬಾಯಲ್ಲಿ ಬೆಲೆ ಬರದ ಮಾಲು ಅದುವರೆಗೆ ನಾನು ಕಂಡಿರಲಿಲ್ಲ. ನಾನು ಗ್ಲೌಸ್ ಎತ್ತಿಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕಣ್ಣಲ್ಲಿ ನೀರು ಬಂತು, ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಆಟಗಾರರ ಮಾರಾಟದ ಬಾಗಿಲು ಮುಚ್ಚಲು ಇನ್ನು ಕೆಲವೇ ದಿನ ಉಳಿದಿದ್ದಾಗ ಮೂರನೆಯವರ ಕರೆ ಬಂತು. ಈ ಸಲ ಬಸ್ಸಿನಮ್ಮ. ಬೇರೊಂದು ಊರಿನಲ್ಲಿ ಬಸ್ಸು ಓಡಿಸುವ ಕಂಪನಿಯ ಒಡತಿ, ಅಲ್ಲಿಯ ತಂಡದ ಯಜಮಾನಿ. ಇಡೀ ಲೀಗಿನಲ್ಲಿ ಆಕೆಯ ಹತ್ತಿರ ಚೌಕಾಸಿಗೆ ನಿಲ್ಲುವವರು ಕಡಿಮೆ. ಅಣ್ಣ ಫೋನ್ ಹಿಡಿದು ಗೋಡೆ ನೋಡಿದ, ನನ್ನನ್ನು ನೋಡಿದ, ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದ. "ಏನೂ ಬೇಡಮ್ಮಾ. ಬಿಟ್ಟಿ ಕರ್ಕೊಂಡು ಹೋಗಿ."

"ಮಂಡಿ ಹೋಗಿದ್ಯಾ?" ಎಂದು ಕೇಳಿತು ಆ ಕಡೆಯ ದನಿ.

"ಇಲ್ಲಮ್ಮಾ, ಗಟ್ಟಿಮುಟ್ಟಾಗಿದಾನೆ."

"ಹಾಗಾದ್ರೆ ಕುಡೀತಾನಾ? ಸಾಹುಕಾರ್ರೇ, ದಿಂಬಿನ ಕವರ್ ಬಿಟ್ಟಿ ಕೊಡದ ನೀವು ಗೋಲ್‌ಕೀಪರ್ ಬಿಟ್ಟಿ ಕೊಡ್ತೀನಿ ಅಂದ್ರೆ ನಾನು ನಂಬಬೇಕಾ? ನಾಳೆ ಬರ್ತೀನಿ. ಹುಡುಗನ್ನ ಇಟ್ಕೊಂಡಿರಿ."

ಹೇಳಿದ ಹಾಗೆ ಬಂದಳು, ತನ್ನದೇ ಬಸ್ಸಿನಲ್ಲಿ, ಟಿಕೆಟ್ ತಗೊಂಡು. ಎತ್ತರದ ದನಿಯ, ಗಿಡ್ಡನೆಯ ಹೆಂಗಸು. ಆಫೀಸಿಗೆ ಬಂದು ನಾನು ಹಾಕಿದ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ ಕೂತಳು. ಏಣಿಯನ್ನು ನಾನು ಮನೆಯಿಂದ ಗದರಿಸಿ ಕರೆತಂದಿದ್ದೆ. ಅವನು ಬಾಗಿಲಿಗೆ ಒರಗಿ, ಇದೂ ಒಂದು ಆಟ ಎನ್ನುವ ಮುಖ ಮಾಡಿಕೊಂಡು ನಿಂತಿದ್ದ. ಆಕೆ ಅವನನ್ನು ಕಾಲಿಂದ ತಲೆಯ ತನಕ ನೋಡಲು ಕತ್ತು ಪೂರ್ತಿ ಎತ್ತಬೇಕಾಯಿತು.

"ಸರಿ," ಎಂದಳು ಅಣ್ಣನಿಗೆ. "ನಾನು ಹಳೇ ಬಸ್ಸು ಕೊಳ್ಳೋವಾಗ ಒಡೆಯನನ್ನ ಒಂದೇ ಮಾತು ಕೇಳ್ತೀನಿ. ಎಲ್ಲೆಲ್ಲಿ ಸದ್ದು ಮಾಡತ್ತೆ ಹೇಳಿ ಅಂತ. ಸದ್ದೇ ಮಾಡಲ್ಲ ಅನ್ನೋನ ಗಾಡಿ ಮುಟ್ಟಲ್ಲ. ಈಗ ಇವನ ವಿಷಯ ಹೇಳಿ."

ಅಣ್ಣ ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಬಿಟ್ಟಿ ಎಂದದ್ದಕ್ಕೆ ಇನ್ನೇನಾದರೂ ಎಡವಟ್ಟು ಸೇರಿಸುತ್ತಾನೆ ಎಂದು ನಾನು ಸೆರಗು ಬಿಗಿದುಕೊಂಡೆ.

"ಎಡಗಡೆ ಕೆಳಗೆ ಬರೋ ಚೆಂಡಿಗೆ ತಡವಾಗಿ ಬೀಳ್ತಾನೆ," ಎಂದ. "ಉದ್ದದ ಆಳಲ್ವಾ, ಮಡಚಿಕೊಳ್ಳೋಕೆ ಹೊತ್ತು ಬೇಕು. ಕಾರ್ನರ್ ಹೊಡೆದಾಗ ಮುಂದೆ ಬರೋಕೆ ಹೆದರ್ತಾನೆ, ಗೆರೆ ಮೇಲೇನೇ ನಿಂತುಬಿಡ್ತಾನೆ. ಹೋದ ವರ್ಷ ಬಿಟ್ಟ ಗೋಲುಗಳಲ್ಲಿ ಅರ್ಧಕ್ಕರ್ಧ ಅವೇ. ಒಂದು ಗೋಲು ಬಿಟ್ರೆ ಆಮೇಲೆ ಸ್ಟ್ಯಾಂಡ್ ಕಡೆ ನೋಡ್ತಾನೆ, ಆಟ ನೋಡಲ್ಲ. ಅದು ದೊಡ್ಡ ತಪ್ಪು."

ಏಣಿ ಬಾಗಿಲಿಂದ ಬೆನ್ನು ತೆಗೆದ.

"ಆಮೇಲೆ?" ಎಂದಳು ಬಸ್ಸಿನಮ್ಮ.

"ಆಮೇಲೆ, ಒಬ್ಬನೇ ಚೆಂಡು ತಗೊಂಡು ಎದುರಿಗೆ ನುಗ್ಗಿ ಬಂದ್ರೆ ಬೇರೆ ಗೋಲ್‌ಕೀಪರ್‌ಗಳು ಗಾಬರಿಯಾಗಿ ಮೊದಲೇ ಬಿದ್ದುಬಿಡ್ತಾರೆ. ಇವನು ಬೀಳಲ್ಲ. ನಿಂತೇ ಇರ್ತಾನೆ. ಹೊಡೆಯೋನೇ ತಬ್ಬಿಬ್ಬಾಗ್ತಾನೆ. ಎಲ್ಲ ಬಲ್ಲೆ ಅಂತ ಇಲ್ಲಿಗೆ ಬಂದ ಎಷ್ಟೋ ಜನ ಇವನ ಎದುರಿಗೆ ಚೆಂಡನ್ನ ಆಕಾಶಕ್ಕೆ ಒದ್ದಿದಾರೆ. ಯಾರೂ ಇವನಿಗೆ ಚಪ್ಪಾಳೆ ತಟ್ಟಲಿಲ್ಲ, ಅವರು ತಪ್ಪು ಹೊಡೆದ್ರು ಅಂದ್ಕೊಂಡ್ರು. ತಪ್ಪು ಹೊಡೆಸಿದ್ದು ಇವನು. ಆ ಧೈರ್ಯ ಹೇಳಿಕೊಟ್ರೆ ಬರೋದಲ್ಲಮ್ಮಾ. ಉಳಿದದ್ದು ಬೈದು ತಿದ್ದಬಹುದು."

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಈ ಮನುಷ್ಯ ಕಪ್ಪು ಕನ್ನಡಕದ ಹಿಂದೆ ಒಂದು ದಿನವೂ ನಿದ್ದೆ ಮಾಡಿರಲಿಲ್ಲ. ಮಗನ ಒಂದೊಂದು ಚೆಂಡನ್ನೂ ನೋಡಿದ್ದ. ನೋಡಿದ್ದು ಯಾರಿಗೂ ಕಾಣಬಾರದೆಂದು ಕನ್ನಡಕ ಹಾಕಿದ್ದ. ಯಜಮಾನ ಮಗನಿಗೆ ಚಪ್ಪಾಳೆ ತಟ್ಟಿದರೆ ಸ್ಟ್ಯಾಂಡು ಮಗನನ್ನು ಹರಿದು ತಿನ್ನುತ್ತಿತ್ತಲ್ಲ! ಅಷ್ಟು ವರ್ಷ ನಾನು ಕಿಟಕಿಯಲ್ಲಿ ಕೂತು ಜನರನ್ನು ನಗಿಸಿದ್ದೇ ಬಂತು.

"ಇಷ್ಟು ಒಳ್ಳೆ ಗೋಲ್‌ಕೀಪರ್ ಅಂತೀರಿ. ಮತ್ಯಾಕೆ ಕೊಡ್ತೀರಿ?" ಎಂದಳು ಬಸ್ಸಿನಮ್ಮ.

"ಇಲ್ಲಿ ಅವನು ಯಾರಿಗೂ ಕಾಣ್ತಿಲ್ಲಮ್ಮಾ. ನಾನೇ ಅಡ್ಡ ನಿಂತಿದೀನಿ." ಅಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ನಿಮ್ಮ ಕೋಚ್ ಬೈತಾರಾ?"

"ಬೈಯೋದಾ! ಅವರ ಬಾಯಿಗೆ ಹೆದರಿ ನಮ್ಮ ಡ್ರೈವರ್‌ಗಳೇ ಆ ದಾರೀಲಿ ಹಾರ್ನ್ ಹೊಡೆಯಲ್ಲ."

"ಹಾಗಾದ್ರೆ ಸರಿ. ಬೆಲೆ ಮಾತಾಡೋಣ."

"ಬಿಟ್ಟಿ ಅಂದ್ರಲ್ಲ?"

"ಅದು ನನ್ನ ಮಗನ ಬಗ್ಗೆ ಹೇಳಿದ್ದು. ಇದು ಆಟಗಾರನ ವಿಷಯ."

ಅಬ್ಬಾ, ಆಮೇಲೆ ನಡೆದ ಚೌಕಾಸಿ ನೋಡಬೇಕಿತ್ತು! ಆಕೆ ಎಡಗಡೆ ಎಂದಳು, ಇವನು ಎತ್ತರ ಎಂದ. ಆಕೆ ಕಾರ್ನರ್ ಎಂದಳು, ಇವನು ವಯಸ್ಸು ಎಂದ. ಆಕೆ ಎದ್ದು ಬಾಗಿಲ ತನಕ ಹೋದಳು, ಇವನು ಕರೆಯಲಿಲ್ಲ. ತಾನೇ ವಾಪಸ್ ಬಂದಳು. ಆಗ ನಮ್ಮಣ್ಣ ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ. ಹೇಳಿದ ಬೆಲೆಯಿಂದ ಇಳಿದ. ಸ್ವಲ್ಪವೇ, ಆದರೆ ಇಳಿದ, ಮಗನ ಮುಖ ನೋಡಿಕೊಂಡೇ ಇಳಿದ. ನಡುಮಧ್ಯದ ತಂಡದ ನಡುಮಧ್ಯದ ಗೋಲ್‌ಕೀಪರ್‌ಗೆ ಎಷ್ಟು ಸಿಗಬೇಕೋ ಅಷ್ಟಕ್ಕೆ ಇಬ್ಬರೂ ಕೈಕುಲುಕಿದರು.

"ಅಷ್ಟೇನಪ್ಪಾ ನಾನು?" ಎಂದ ಏಣಿ. ನಗುತ್ತಿದ್ದನೋ ಅಳುತ್ತಿದ್ದನೋ, ಆ ಎತ್ತರದಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ.

"ಇವತ್ತಿಗೆ ಅಷ್ಟೇ," ಎಂದ ಅಣ್ಣ. "ನಾಳೆಯದು ನಿನ್ನ ಕೈಲಿದೆ."

ನಾನು ಬೀರು ತೆಗೆದು ಗ್ಲೌಸ್ ಕೊಟ್ಟೆ. ಏಣಿ ಅದೇ ಬಸ್ಸಿನಲ್ಲಿ ಹೋದ, ಬಸ್ಸಿನಮ್ಮ ಅವನಿಗೂ ಟಿಕೆಟ್ ತೆಗೆಸಿದಳು.

ಹೆತ್ತ ಮಗನನ್ನೇ ಮಾರಿದ ಎಂದು ಊರು ಒಂದು ತಿಂಗಳು ಆಡಿಕೊಂಡಿತು. ಅಣ್ಣ ಅಂಗಡಿಯಲ್ಲಿ ಕೂತು ಹಾಸಿಗೆ ಮಾರಿದ. ಮಾತಾಡಲು ಬಂದವರಿಗೆ ಬೆಲೆ ಹೇಳಿದ, ಮಾತಾಡಲಿಲ್ಲ. ಅಲ್ಲಿ ಏಣಿ ಮೊದಲ ಅರ್ಧ ವರ್ಷ ಬೆಂಚಿನ ಮೇಲೇ ಕೂತ. ಒಂದು ಸಂಜೆ ನನಗೆ ಫೋನ್ ಮಾಡಿದ, ಸಂತೋಷ ತಡೆಯಲಾಗುತ್ತಿರಲಿಲ್ಲ. "ಅತ್ತೆ, ಇವತ್ತು ಕೋಚ್ ನನ್ನ ಬಾಯಿಗೆ ಬಂದ ಹಾಗೆ ಬೈದ್ರು! ಎಲ್ಲರೆದುರಿಗೆ! ಎಡಗಡೆ ಬೀಳೋಕೆ ಬಾರದ ಕತ್ತೆ ಅಂದ್ರು!" ನಾನು ಅದನ್ನು ಅಣ್ಣನಿಗೆ ಹೇಳಿದೆ. ಅವನು ಇನ್ನೊಂದು ಸಲ ಹೇಳಿಸಿಕೊಂಡು ಕೇಳಿದ.

ಅದರ ಮರುವರ್ಷ ನಮ್ಮ ತಂಡಕ್ಕೆ ಎಂದೂ ಇಲ್ಲದ ಅದೃಷ್ಟ ಹೊಳೆಯಿತು. ಕೊನೆಯ ಪಂದ್ಯ ಗೆದ್ದರೆ ಮೊದಲ ದರ್ಜೆಗೆ ಏರುತ್ತೇವೆ. ಎದುರಿಗೆ ಬಂದದ್ದು ಬಸ್ಸಿನಮ್ಮನ ತಂಡ, ಗೋಲಿನಲ್ಲಿ ಏಣಿ. ಸ್ಟ್ಯಾಂಡ್ ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದರು. ಟಿಕೆಟ್ ಮುಗಿದದ್ದರಿಂದ ನಾನೂ ಕಿಟಕಿ ಮುಚ್ಚಿ ಬಂದು ಅಣ್ಣನ ಪಕ್ಕ ಕೂತೆ. ಬಸ್ಸಿನಮ್ಮ ಆ ತುದಿಯಲ್ಲಿದ್ದಳು.

ನಮ್ಮವರು ಅಂದು ಆಡಿದ ಹಾಗೆ ಎಂದೂ ಆಡಿರಲಿಲ್ಲ, ಪಾಪ. ಒದ್ದದ್ದೇ ಒದ್ದದ್ದು. ಏಣಿ ಒಂದನ್ನೂ ಒಳಗೆ ಬಿಡಲಿಲ್ಲ. ಮೇಲಿಂದ ಬಂದದ್ದನ್ನು ಗುಂಪು ಸೀಳಿ ಬಂದು ಹಿಡಿದ, ಕೆಳಗೆ ಬಂದದ್ದನ್ನು ಬಿದ್ದು ತಡೆದ, ಮೂತಿಗೆ ಬಡಿದದ್ದಕ್ಕೆ ಮೂತಿ ಕೊಟ್ಟ. ಅವರ ಕಡೆಯವನೊಬ್ಬ ಎಲ್ಲಿಂದಲೋ ನುಸುಳಿ ಬಂದು ನಮಗೆ ಒಂದು ಗೋಲು ಹಾಕಿ ಹೋದ. ಕೊನೆಯ ನಿಮಿಷದಲ್ಲಿ ನಮ್ಮ ಫಾರ್ವರ್ಡ್ ಆಟಗಾರ ಹೊಡೆದ ಚೆಂಡು ಒಳಗೇ ಹೋಯಿತು ಎಂದು ಎಲ್ಲರೂ ಎದ್ದು ನಿಂತಾಗ, ಆ ಉದ್ದನೆಯ ಕೈ ಎಲ್ಲಿಂದ ಬಂತೋ, ಬೆರಳ ತುದಿ ತಾಗಿ ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು. ವಿಸಿಲ್ ಊದಿದರು. ಸೋತೆವು.

ನಮ್ಮ ಹಿಂದಿನ ಸಾಲಿನಲ್ಲಿ ಸೈಕಲ್ ರಿಪೇರಿಯವನು ತಲೆ ತಲೆ ಚಚ್ಚಿಕೊಂಡ. "ಅಯ್ಯೋ ನಿನ್ನ ಮನೆ ಹಾಳಾಗ! ಇಂಥ ಗೋಲ್‌ಕೀಪರ್‌ನ ಮಾರಿದ ಕತ್ತೆ ಯಾವೋನ್ರೋ?" ಸ್ಟ್ಯಾಂಡಿಗೆ ಸ್ಟ್ಯಾಂಡೇ ಅವನ ಜೊತೆ ಸೇರಿಕೊಂಡಿತು. ಯಾವೋನು, ಯಾವ ಕತ್ತೆ, ಯಾವ ತಲೆಕೆಟ್ಟೋನು ಎಂದು ಸಾವಿರ ಬಾಯಿ ಕೂಗುತ್ತಿತ್ತು. ಏಣಿ ಯಾರ ಮಗ ಎಂಬ ಮಾತು ಅಷ್ಟು ಬಾಯಲ್ಲಿ ಒಂದರಿಂದಲೂ ಬರಲಿಲ್ಲ.

ನಾನು ಅಣ್ಣನ ತೋಳು ಹಿಡಿದೆ, ಸುಮ್ಮನೆ ಹಿಂದಿನ ಬಾಗಿಲಿಂದ ಹೋಗಿಬಿಡೋಣ ಎಂದೆ. ಅವನು ತೋಳು ಕೊಡವಿಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತ. ಮೊದಲ ದರ್ಜೆ ಕೈತಪ್ಪಿದ ತಂಡದ ಯಜಮಾನ, ಕೆನ್ನೆಯೆಲ್ಲ ನೀರು, ಜನರ ಕಡೆ ತಿರುಗಿ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದ. "ನಾನು ಕಣ್ರಯ್ಯಾ! ನಾನೇ ಆ ಕತ್ತೆ! ನಾನೇ ಮಾರಿದ್ದು!"